ಕ್ಯಾಮೆರಾದ ಮುಂದೆ ನೆಟ್ಟಗೆ ನಡೆದದ್ದು

ತೊಂಬತ್ತರ ದಶಕದಲ್ಲಿ, ಹಾಸನದಲ್ಲಿ ಖೋಖೋ ಆಡುವಾಗ ನನ್ನ ಬಲಮಂಡಿಯ ಲಿಗಮೆಂಟು ಹರಿದು ಆಪರೇಷನ್ ಆಯಿತು. ಹೊಲಿಗೆ ಬಿಚ್ಚಿ ತಿಂಗಳಾಗಿರಲಿಲ್ಲ, ಸಾಲಗಾಮೆಯ ನಮ್ಮ ಮನೆಯಲ್ಲಿ ಅವ್ವನ ಕ್ಲಾಸು ಶುರು. "ಲೇ, ಅಂಗೆ ಕುಂಟ್‌ಬ್ಯಾಡ ಕಣೇ. ಎಣ್ಣು ನೋಡಾಕೆ ಬಂದೋರು ಏನಂದ್ಕತಾರೆ? ಇನ್ನೊಂದ್ಸಲ ನಡಿ." ಹಲ್ಲು ಕಚ್ಚಿ ನಡೆದೆ. ಕಾಫಿ ತಟ್ಟೆ ಹಿಡಿದುಕೊಂಡೂ ನಡೆದೆ. ಮದುವೆ ಆಯಿತು, ಚನ್ನರಾಯಪಟ್ಟಣದಲ್ಲಿ ಪಿ.ಟಿ. ಟೀಚರ್ ಕೆಲಸವೂ ಸಿಕ್ಕಿತು. ಯಾರಾದರೂ ನೋಡುತ್ತಿದ್ದರೆ ಸಾಕು, ಕಾಲು ತಾನಾಗಿಯೇ ನೆಟ್ಟಗಾಗುತ್ತಿತ್ತು.

ಹತ್ತು ವರ್ಷದ ಮೇಲೆ ಮಂಡಿ ಊದತೊಡಗಿತು. ಮಕ್ಕಳ ಜೊತೆ ಇನ್ನು ಓಡಬಹುದೋ, ಬಿಡಬೇಕೋ? ಓಟ ಬಿಟ್ಟು ಬದುಕುವುದು ಹೇಗಪ್ಪಾ ಎಂದು ಜೀವ ಹೊಡೆದುಕೊಳ್ಳುತ್ತಿತ್ತು. ಹಾಸನದ ಕಾಲೇಜೊಂದರ ಮೇಷ್ಟ್ರು ಇಂಥ ಆಪರೇಷನ್ ಆದವರ ನಡಿಗೆಯನ್ನು ಕ್ಯಾಮೆರಾದಲ್ಲಿ ಹಿಡಿದು, ಕಂಪ್ಯೂಟರಿನಲ್ಲಿ ಅದೇ ಕಾಲಿನ ಮಾದರಿ ಕಟ್ಟಿ, ಮಂಡಿಯ ಯಾವ ಭಾಗದ ಮೇಲೆ ಭಾರ ಬೀಳುತ್ತದೆ, ಮುಂದೆ ಸವೆದುಹೋಗುವ ಅಪಾಯ ಎಷ್ಟು ಎಂದು ಲೆಕ್ಕ ಹಾಕುತ್ತಾರೆಂದು ಕೇಳಿ, ಅವ್ವನನ್ನು ಕರೆದುಕೊಂಡು ಹೋದೆ.

ಕ್ಯಾಮೆರಾಕ್ಕೆ ಗುರುತು ಸಿಗಲೆಂದು ಕಾಲಿಗೆ ಹೊಳೆಯುವ ಸಣ್ಣ ಗುಂಡುಗಳನ್ನು ಅಂಟಿಸಿದರು. ನಡೆದೆ. ಅದೆಂಥ ನಡಿಗೆ ಅಂತೀರಿ! ವಾರ ಬಿಟ್ಟು ಮೇಷ್ಟ್ರು ಮತ್ತೆ ಕರೆಸಿದರು, ಅವ್ವನೂ ಜೊತೆಗೆ ಬಂದಳು. "ಮೇಡಂ, ಲೆಕ್ಕದಲ್ಲಿ ಅಪಾಯ ಕಮ್ಮಿ ಬಂದಿದೆ. ಆದ್ರೆ ಆಮೇಲೆ ನೀವು ಚಪ್ಪಲಿ ಹಾಕ್ಕೊಳ್ಳೋಕೆ ಹೋದಾಗ ಕ್ಯಾಮೆರಾ ಇನ್ನೂ ಓಡ್ತಾ ಇತ್ತು. ಅದರಲ್ಲಿ ಕುಂಟ್ತಾ ಇದೀರಿ. ಯಾವುದನ್ನ ನಂಬಲಿ?"

ಮುಖ ಎಲ್ಲಿಟ್ಟುಕೊಳ್ಳಲಿ? ಇಷ್ಟು ದೂರ ಬಂದು ನನ್ನ ಮಂಡಿಗೆ ನಾನೇ ಮೋಸ ಮಾಡಿದ್ದೆನಲ್ಲ ಎಂದು ಸಿಟ್ಟು ಉಕ್ಕಿತು. ಅವ್ವನ ಕ್ಲಾಸಿನಿಂದ ಹಿಡಿದು ಅವರಿಗೆ ಎಲ್ಲ ಹೇಳಿದೆ. ಬೆಂಚಿನ ಮೇಲಿದ್ದ ಅವ್ವ ತಲೆ ತಗ್ಗಿಸಿದಳು. ಮೇಷ್ಟ್ರು ಒಳ್ಳೆಯವರು, ಬೈಯಲಿಲ್ಲ. "ಹೆಂಗೆ ನೋಯುತ್ತೋ ಹಂಗೇ ನಡೀರಿ" ಎಂದರು.

ಆಗಲಿಲ್ಲ. ಮೂರು ಸಲ ನಡೆದೆ, ಮೂರು ಸಲವೂ ಹಾಳಾದ ಕಾಲು ನೆಟ್ಟಗೇ ಹೋಯಿತು. ಆಗ ಅವ್ವ ಎದ್ದು ಗೋಡೆ ಕಡೆ ಮುಖ ಮಾಡಿ ನಿಂತಳು. "ನಾನು ನೋಡಾಕಿಲ್ಲ. ನಡಿ ಮಗಾ."

ಆ ನಡಿಗೆಯ ಲೆಕ್ಕದಲ್ಲಿ ಅಪಾಯ ಜಾಸ್ತಿ ಎಂದು ಬಂತು, ಓಟ ಬಿಟ್ಟೆ, ಅದು ಆಮೇಲಿನ ಮಾತು. ಅವತ್ತು ನಾನು ಕೋಣೆಯ ಆ ಕೊನೆಯವರೆಗೂ ಕುಂಟಿದೆ. ಕಾಲು ಎಳೆಯುವ ಸದ್ದು ಕೇಳಿ ಅವ್ವ, "ಇಷ್ಟು ವರ್ಸ ಇಂಗೇ ನೋಯ್ತಿತ್ತಾ?" ಎಂದಳು.

"ಊಂ ಕಣವ್ವ" ಎಂದೆ.

ಅವಳು ಗೋಡೆ ಬಿಟ್ಟು ಈಚೆ ತಿರುಗಲೇ ಇಲ್ಲ.