ಹಳೇ ಗಿಟಾರಿಗೆ ಹೊಸ ಸ್ಕ್ರೂ

ಕಂಪ್ಲಿಯ ಗೆಳೆಯ ಫೋನ್ ಮಾಡಿ, "ನಿನ್ನ ಗಿಟಾರ್ ಬಂದು ತಗಂಡ್ ಹೋಗಲೇ" ಎಂದಾಗ ನನಗೆ ಮೊದಲು ಬಂದದ್ದು ಸಂತೋಷವಲ್ಲ, ಅನುಮಾನ. ಹದಿನೇಳು ವರ್ಷ ಅವನ ಅಟ್ಟದ ಮೇಲಿದ್ದ ವಸ್ತು. ಈಗಲೇ ಯಾಕೆ? ಕೇಳಿದರೆ, "ಅಂಗಡಿ ಬ್ಯಾರೆ ಕಡೆ ಒಯ್ಯಾಕತ್ತೀನಿ, ಜಾಗ ಸಾಲಂಗಿಲ್ಲ" ಎಂದ. ಅವನ ಮೈಕ್ ಸೆಟ್ ಅಂಗಡಿಯ ಅಷ್ಟೊಂದು ಹಾರ್ನ್ ಸ್ಪೀಕರ್‌ಗಳಿಗೆ ಜಾಗವಿದೆಯಂತೆ, ನನ್ನ ಒಂದು ಗಿಟಾರಿಗೆ ಮಾತ್ರ ಇಲ್ಲವಂತೆ.

ಅದು ದಪ್ಪ ದನಿಯ, ನಾಲ್ಕು ತಂತಿಯ ಬೇಸ್ ಗಿಟಾರ್. ಜಪಾನಿನಲ್ಲಿ ತಯಾರಾದದ್ದು, ವಯಸ್ಸಿನಲ್ಲಿ ನನಗಿಂತ ಹಿರಿಯದು. ನಡುವೆ ಜೇನುತುಪ್ಪದ ಬಣ್ಣ, ಅಂಚಿಗೆ ಬರುತ್ತ ಬರುತ್ತ ಕಪ್ಪು. ನಾನು ಏಳನೇ ತರಗತಿಗೆ ಶಾಲೆ ಬಿಟ್ಟು ಹೊಸಪೇಟೆಯ ಲಾರಿ ಗ್ಯಾರೇಜಿನಲ್ಲಿ ದುಡಿದವನು. ಆರು ವರ್ಷದ ಉಳಿತಾಯವನ್ನೆಲ್ಲ ಒಯ್ದು ಹುಬ್ಬಳ್ಳಿಯ ಒಬ್ಬ ವಯಸ್ಸಾದ ವಾದ್ಯಗಾರರಿಂದ ಅದನ್ನು ಕೊಂಡೆ. ಯಾರ ಹತ್ತಿರವೂ ಕಲಿಯಲಿಲ್ಲ. ಟೇಪ್ ರೆಕಾರ್ಡರ್‌ಗೆ ಕಿವಿ ಹಚ್ಚಿ, ಬೆರಳಿಗೆ ಬೊಬ್ಬೆ ಏಳುವವರೆಗೆ ನುಡಿಸಿ ಕಲಿತೆ. ನಮ್ಮ ಆರ್ಕೆಸ್ಟ್ರಾ ಗಣೇಶನ ಹಬ್ಬಕ್ಕೆ, ಮದುವೆಗೆ ಸುತ್ತಲಿನ ಊರಿಗೆಲ್ಲ ಹೋಗುತ್ತಿತ್ತು. ಜನ ಹಾಡುವವರನ್ನು ನೋಡುತ್ತಾರೆ, ಬೇಸ್‌ನವನನ್ನು ಯಾರೂ ನೋಡುವುದಿಲ್ಲ. ಆದರೆ ನಾನು ಕೈ ತೆಗೆದರೆ ಕುಣಿಯುವವರ ಹೆಜ್ಜೆ ತಪ್ಪುತ್ತಿತ್ತು. ಅದು ನನಗೆ ಗೊತ್ತಿತ್ತು, ಅಷ್ಟು ಸಾಕಿತ್ತು.

ಆಮೇಲೆ ಸಂಡೂರಿನ ಬಳಿ ಅದಿರು ಒಡೆಯುವ ಕ್ರಷರ್‌ನಲ್ಲಿ ಕೆಲಸ ಸಿಕ್ಕಿತು. ಹೆಲ್ಪರ್ ಆಗಿ ಸೇರಿ ಆಪರೇಟರ್ ಆದೆ. ಪಾಳಿ ಕೆಲಸದಲ್ಲಿ ಕಾರ್ಯಕ್ರಮಗಳು ಒಂದೊಂದಾಗಿ ತಪ್ಪಿದವು. ಅಲ್ಲಿಯ ಕೆಂಪು ಧೂಳು ಮುಚ್ಚಿದ ಡಬ್ಬಿಯೊಳಕ್ಕೂ ಇಳಿಯುತ್ತದೆ. ಗಿಟಾರಿನ ಗುಂಡಿ ತಿರುಗಿಸಿದರೆ ಕರಕರ ಎನ್ನತೊಡಗಿತು. ಆಗ ಅದನ್ನು ಕಂಬಳಿಯಲ್ಲಿ ಸುತ್ತಿ ಕಂಪ್ಲಿಗೆ ಒಯ್ದು ಈ ಗೆಳೆಯನ ಕೈಗೆ ಕೊಟ್ಟೆ. ಅವನು ನಮ್ಮ ಆರ್ಕೆಸ್ಟ್ರಾದಲ್ಲಿ ಡ್ರಮ್ಸ್ ಬಾರಿಸುತ್ತಿದ್ದವನು, ಆಗಷ್ಟೇ ಮೈಕ್ ಸೆಟ್ ಅಂಗಡಿ ಇಟ್ಟಿದ್ದ. ಡ್ರಮ್ಸ್‌ನವನೂ ಬೇಸ್‌ನವನೂ ಒಂದೇ ನೊಗದ ಎತ್ತುಗಳು. ಬೇರೆ ಯಾರನ್ನೂ ನಾನು ನಂಬುತ್ತಿರಲಿಲ್ಲ.

ಗಿಟಾರ್ ತರಲು ಹೋಗುವ ಹಿಂದಿನ ದಿನ ಪ್ಲಾಂಟಿನಲ್ಲಿ ಜೊತೆಯವನೊಬ್ಬ ಮೊಬೈಲ್‌ನಲ್ಲಿ ಹುಡುಕಿ ತೋರಿಸಿದ. "ಹಳೇ ಜಪಾನ್ ಮಾಲಿಗೆ ಈಗ ಭಾಳ ಡಿಮ್ಯಾಂಡ್ ಐತಣ್ಣ. ವಿಂಟೇಜ್ ಅಂತಾರ. ಒಳಗಿನ ಪಾರ್ಟ್ ಬಿಚ್ಚಿ ಅದನ್ನಷ್ಟ ಬ್ಯಾರೆ ಮಾರ್ತಾರ." ಹಂಪಿಗೆ ಬರುವ ಪರದೇಶದವರು ಕೇಳಿ ಕೊಳ್ಳುತ್ತಾರೆ ಎಂದೂ ಸೇರಿಸಿದ. ಕಂಪ್ಲಿ ಬಸ್ಸು ಹತ್ತುವಾಗ ನನ್ನ ಜೇಬಿನಲ್ಲಿ ಒಂದು ಸ್ಕ್ರೂಡ್ರೈವರ್ ಇತ್ತು.

ಗೆಳೆಯ ಗಿಟಾರನ್ನು ಒರೆಸಿ ಮೇಜಿನ ಮೇಲೆ ಮಲಗಿಸಿದ್ದ. ನನ್ನ ಮುಂಗೈ ತಿಕ್ಕಿ ತಿಕ್ಕಿ ಬಣ್ಣ ಹೋದ ಜಾಗ ಹಾಗೆಯೇ ಇತ್ತು. ಎತ್ತಿ ತೊಡೆಯ ಮೇಲಿಟ್ಟುಕೊಂಡೆ. ಆ ಭಾರವನ್ನು ನನ್ನ ತೊಡೆ ಮರೆತಿರಲಿಲ್ಲ. ಬಣ್ಣ ಹೋದ ಆ ಜಾಗಕ್ಕೆ ಮುಂಗೈ ಇಟ್ಟು ತಲೆ ಬಗ್ಗಿಸಿದೆ. ಬಗ್ಗಿಸಿದಾಗ ಕಂಡದ್ದು ಸ್ಕ್ರೂಗಳು. ತಂತಿಗಳ ಕೆಳಗೆ ಪಿಕಪ್ ಎಂಬ ಕಪ್ಪು ಪಟ್ಟಿ ಇರುತ್ತದೆ. ತಂತಿಯ ನಡುಕವನ್ನು ಹಿಡಿದು ಸ್ಪೀಕರ್‌ಗೆ ಕಳಿಸುವುದು ಅದೇ. ಗಿಟಾರಿನ ಜೀವ ಅದು. ಅದರ ಸ್ಕ್ರೂಗಳೆಲ್ಲ ಹೊಸವು, ಫಳಫಳ ಹೊಳೆಯುತ್ತಿದ್ದವು.

"ಇವು ಯಾವಾಗ ಹಾಕಿದ್ದು?"

"ಹಳೇವು ತುಕ್ಕು ಹಿಡಿದಿದ್ವಲೇ. ಹೊಳಿ ದಂಡಿ ಊರು. ಹ್ವಾದ ವಾರ ಬಿಚ್ಚಿ, ಒರಸಿ, ಹೊಸವು ಹಾಕೀನಿ."

"ಅಂದ್ರ ಬಿಚ್ಚೀದಿ."

"ಬಿಚ್ಚದಂಗ ಒರಸಾಕ ನಾನೇನ್ ಮಂತ್ರವಾದಿಯೇನ್ಲೇ?"

"ಹಳೇ ಸ್ಕ್ರೂ ಎಲ್ಲಿ?"

"ಹೊಳಿಗೆ ಬಿಟ್ಟೆ, ಪುಣ್ಯ ಬರ್ಲಿ ಅಂತ. ಸುಮ್ಕ ಬಾರಸು."

ನಗಿಸಲು ನೋಡುತ್ತಿದ್ದಾನೆ ಎನಿಸಿತು. ಅಡಗಿಸುವುದಿದ್ದವನೇ ಹೆಚ್ಚು ನಗಿಸುತ್ತಾನೆ. ಅವನ ಆಂಪ್ಲಿಫೈಯರ್‌ಗೆ ವೈರ್ ಹಚ್ಚಿ ತಂತಿ ಮೀಟಿದೆ. ಮೊದಲೆಲ್ಲ ಆ ದಪ್ಪ ದನಿ ಏಳುವ ಕ್ಷಣದಲ್ಲಿ ಒಂದು ಸಣ್ಣ 'ಟಣ್' ಇರುತ್ತಿತ್ತು, ತಾಮ್ರದ ಕೊಡಕ್ಕೆ ಉಂಗುರ ತಾಗಿದ ಹಾಗೆ. ಈಗ ಅದಿಲ್ಲ. ಒದ್ದೆ ಗೋಣಿಚೀಲ ಬಡಿದಂತೆ ಧುಪ್, ಧುಪ್.

"ಮಸ್ತ್ ಐತಲ್ಲ?" ಎಂದ ಅವನು. ಮುಖ ಅರಳಿತ್ತು.

"ಇದರೊಳಗಿಂದು ಎಲ್ಲಿಗೆ ಹೋತು?"

"ಏನು?"

"ನನ್ನ ಪಿಕಪ್ಪು. ಇದು ಬ್ಯಾರೆ."

"ಹಗಲ ಹೊತ್ತಿನಾಗ ಕುಡದ್ ಬಂದೀಯೇನು?"

"ಕುಡಿಯೋರು ಯಾರು ಅಂತ ಆರ್ಕೆಸ್ಟ್ರಾಕ್ಕೆಲ್ಲ ಗೊತ್ತೈತಿ."

ಅವನ ನಗು ಹೋಯಿತು. ವೈರನ್ನು ಕಿತ್ತು ಸುತ್ತಿಕೊಳ್ಳುತ್ತ ಹೇಳಿದ: "ವರ್ಷಕ್ಕೊಮ್ಮೆ ತಂತಿ ಸಡ್ಲ ಮಾಡಿ, ಬಟ್ಟಿ ಬದ್ಲಿ ಮಾಡಿ ಇಟ್ಟೀನಿ. ನನ್ನ ಕಳ್ಳ ಅಂತಿ. ತಗಂಡ್ ನಡಿ. ಇನ್ನ ಈ ಮೆಟ್ಲ ಹತ್ತಬ್ಯಾಡ."

ಬಸ್ಸಿನಲ್ಲಿ ಗಿಟಾರನ್ನು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ಕುಳಿತೆ. ತಪ್ಪಿಲ್ಲದವನಿಗೆ ಅಷ್ಟು ಸಿಟ್ಟು ಯಾಕೆ ಬರಬೇಕು? ಹಿಡಿದು ತೋರಿಸುವ ದಾರಿ ನನ್ನ ಬಳಿ ಇತ್ತು. ಹಿಂದೊಮ್ಮೆ ಆ ಪಿಕಪ್ ಕೆಟ್ಟಾಗ ಹೊಸಪೇಟೆಯ ರೇಡಿಯೋ ರಿಪೇರಿ ಚಾಚಾ ಕೂದಲೆಳೆಯಂಥ ತಾಮ್ರದ ತಂತಿಯನ್ನು ಕೈಯಿಂದಲೇ ಸುತ್ತಿ ಸರಿ ಮಾಡಿದ್ದರು. ಮೇಲೆ ಹೊಲಿಗೆಯ ಕೆಂಪು ದಾರ ಬಿಗಿದಿದ್ದರು. ಅದು ಅವರಿಗೆ ಮತ್ತು ನನಗೆ ಮಾತ್ರ ಗೊತ್ತು. ಒಳಗೆ ಕೆಂಪು ದಾರವಿಲ್ಲದಿದ್ದರೆ ಕಳ್ಳ ಸಿಕ್ಕಂತೆ. ಜೇಬಿನ ಸ್ಕ್ರೂಡ್ರೈವರ್‌ನಿಂದ ನಾನೇ ಬಿಚ್ಚಿದರೆ ಸಾಕ್ಷಿ ಇರುವುದಿಲ್ಲವೆಂದು, ಮನೆಗೂ ಹೋಗದೆ ನೇರ ಅವರ ಅಂಗಡಿಗೆ ನಡೆದೆ.

"ಬಾ ಬೇಟಾ, ಕುಂದ್ರು. ಇನ್ನಾ ಜೀವಂತ ಐತೇನು ಇದು?" ಎಂದರು ಚಾಚಾ. ಅವರಿಗೆ ಈಗ ಕಣ್ಣು ಮಂಜು. ಅದೇ ಮೇಜಿನ ಮೇಲೆ ಮೊಬೈಲ್ ರಿಪೇರಿ ಮಾಡುವ ಮಗಳು ಪಿಕಪ್ ಬಿಚ್ಚಿ ಮಗುಚಿದಳು. ದಾರ ಇತ್ತು. ಬಣ್ಣ ಮಾಸಿತ್ತು, ಆದರೆ ಕೆಂಪೇ. ಚಾಚಾ ಹೆಬ್ಬೆರಳಿನಿಂದ ಗಂಟನ್ನು ಸವರಿ, "ನಂದೇ" ಎಂದರು.

"ಹಂಗಾರ ದನಿ ಯಾಕ ಸತ್ತೈತಿ ಚಾಚಾ?"

ಮಗಳು ಎಲ್ಲವನ್ನೂ ಕೂಡಿಸಿ, ಸ್ಪೀಕರ್‌ಗೆ ಹಚ್ಚಿ ಮೀಟಿದಳು. "ಎಲ್ಲಿ ಸತ್ತೈತಣ್ಣ? ಟಣ್ ಅಂತೈತಲ್ಲ."

ನನಗೆ ಧುಪ್ ಎಂದೇ ಕೇಳಿಸಿತು. ಮೈಕ್ ಸೆಟ್‌ನವರೂ ರಿಪೇರಿಯವರೂ ಒಂದೇ ಬಳಗ. ಇಲ್ಲಿಗೂ ಫೋನ್ ಬಂದಿರಬೇಕು ಎನಿಸಿತು. ಸಿಟ್ಟಿನಿಂದ, ಸಣ್ಣ ಚೂಪು ದನಿ ಏರಿಸುವ ಟ್ರೆಬಲ್ ಗುಂಡಿಯನ್ನೂ ವಾಲ್ಯೂಮನ್ನೂ ಕೊನೆಯವರೆಗೆ ತಿರುಗಿಸಿದೆ. ಮಗಳು ಎರಡೂ ಕಿವಿ ಮುಚ್ಚಿಕೊಂಡಳು. ಚಾಚಾ ಮುಖ ಹಿಂಡಿದರು. ರಸ್ತೆಯಲ್ಲಿ ಹೋಗುತ್ತಿದ್ದವರೂ ನಿಂತು ನೋಡಿದರು.

"ಕಮ್ಮಿ ಮಾಡ್ರಿ ಅಣ್ಣಾ! ಸ್ಪೀಕರ್ ಚೀರಾಕತ್ತೈತಿ!"

ನನಗೆ ಯಾವ ಚೀರಾಟವೂ ಕೇಳುತ್ತಿರಲಿಲ್ಲ.

ಚಾಚಾ ತಾವೇ ಗುಂಡಿ ಇಳಿಸಿ, ನನ್ನ ಭುಜದ ಮೇಲೆ ಕೈಯಿಟ್ಟು ಕೇಳಿದರು: "ಕ್ರಷರ್‌ನಾಗ ಎಷ್ಟು ವರ್ಷ ಆತು ಬೇಟಾ?"

ಗಿಟಾರನ್ನು ಮೇಜಿನ ಮೇಲಿಟ್ಟೆ. ಕ್ರಷರ್‌ನ ಸದ್ದಿಗೆ ಕಿವಿ ಹೋಗುತ್ತದೆಂದು ಪ್ಲಾಂಟಿನ ವೈದ್ಯಕೀಯ ತಪಾಸಣೆಯಲ್ಲಿ ಗಾಜಿನ ಗೂಡಿನಲ್ಲಿ ಕೂರಿಸಿ ಕಿವಿಗೆ ಹೆಡ್‌ಫೋನ್ ಹಾಕುತ್ತಾರೆ. ಕೀಂ ಎಂಬ ಸಣ್ಣ ಸದ್ದು ಕೇಳಿದಾಗ ಬಟನ್ ಒತ್ತಬೇಕು. ಕೇಳದಿದ್ದಾಗ ನಾನು ಆಚೆ ಯಂತ್ರ ನಡೆಸುವವಳ ತೋಳನ್ನು ನೋಡುತ್ತಿದ್ದೆ. ತೋಳು ಅಲ್ಲಾಡಿದರೆ ಒತ್ತುತ್ತಿದ್ದೆ. ಪಾಸಾಗಿ ಬಂದು ಮೀಸೆ ತಿರುವುತ್ತಿದ್ದೆ. ಕಿವಿ ಹೋಗಿದೆ ಎಂದು ಬರೆದರೆ ಆಪರೇಟರ್ ಆದವನನ್ನು ಗೇಟಿನಲ್ಲಿ ಕಾವಲಿಗೆ ಕೂರಿಸುತ್ತಾರಲ್ಲ, ಆ ಅವಮಾನ ತಡೆಯಲು ನನ್ನಿಂದ ಆಗುತ್ತಿರಲಿಲ್ಲ.

ಗೆಳೆಯನಿಗೆ ಎರಡು ದಿನ ಫೋನ್ ಮಾಡಿದೆ, ಎತ್ತಲಿಲ್ಲ. ಭಾನುವಾರ ಗಿಟಾರ್ ಹೆಗಲಿಗೆ ಹಾಕಿಕೊಂಡು ಕಂಪ್ಲಿಗೆ ಹೋದೆ. ಅವನ ಹೆಂಡತಿ ಬಾಗಿಲಲ್ಲೇ ನಿಂತು, "ಎಮ್ಮಿಗನೂರಾಗ ಮದುವಿ ಐತಿ, ಮೈಕ್ ಕಟ್ಟಾಕ ಹೋಗ್ಯಾರ. ಯಾಕಣ್ಣಾರೆ, ಇನ್ನೂ ಏನರ ಕಳುವಾಗೈತೇನು?" ಎಂದಳು. ಅಷ್ಟು ಕೇಳುವ ಹಕ್ಕು ಅವಳಿಗಿತ್ತು.

ಎಮ್ಮಿಗನೂರಿನಲ್ಲಿ ಅವನು ಏಣಿಯ ಮೇಲೆ ನಿಂತು ಹಾರ್ನ್ ಕಟ್ಟುತ್ತಿದ್ದ. ನನ್ನನ್ನು ನೋಡಿಯೂ ಇಳಿಯಲಿಲ್ಲ.

"ತಪ್ಪಾತಲೇ," ಎಂದೆ ಕೆಳಗಿನಿಂದ.

"ಕೇಳಂಗಿಲ್ಲ."

"ತಪ್ಪಾತು ಅಂದೆ!"

"ಇಲ್ಲಿತನ ಬರವಲ್ದು. ಅಲ್ಲಿ ಮೈಕ್ ಐತಿ ನೋಡು, ಆನ್ ಐತಿ."

ಅಡುಗೆಯವರು ಕೈ ನಿಲ್ಲಿಸಿ ನೋಡುತ್ತಿದ್ದರು. ಸೂಪರ್‌ವೈಸರ್ ಮುಂದೆಯೂ ತಲೆ ತಗ್ಗಿಸಿದವನಲ್ಲ ನಾನು. ಮೈಕ್ ಹಿಡಿದೆ. "ಗಿಟಾರ್ ಸರಿ ಐತಿ. ನನ್ನ ಕಿವಿ ಹೋಗ್ಯಾವ. ಇವನ್ನ ಕಳ್ಳ ಅಂದದ್ದು ನನ್ನ ತಪ್ಪು." ಆ ಮಾತು ನಾಲ್ಕೂ ಹಾರ್ನ್‌ಗಳಿಂದ ಕಬ್ಬಿನ ಗದ್ದೆಯ ತನಕ ಹೋಯಿತು.

ಅವನು ನಿಧಾನವಾಗಿ ಇಳಿದು ಬಂದ. ನಗಲಿಲ್ಲ. "ಪೂರ್ತಿ ಹೋಗ್ಯಾವೋ?"

"ಸಣ್ಣ ದನಿ ಹೋಗೈತಿ. ದಪ್ಪಂದು ಕೇಳ್ತೈತಿ."

"ಬೇಸ್‌ಗೆ ಅಷ್ಟ ಸಾಕಲ್ಲ," ಎಂದು ವೈರ್ ತಂದು ತಾನೇ ಗಿಟಾರಿಗೆ ಚುಚ್ಚಿದ. "ಟ್ರೆಬಲ್ ಮೆಲ್ಲಕ ತಿರುವು. ನಾ ಅಂದಾಗ ನಿಲ್ಲಸು."

ಒಂದು ಕೈಯಲ್ಲಿ ತಂತಿ ಮೀಟುತ್ತ ಇನ್ನೊಂದರಲ್ಲಿ ಗುಂಡಿ ತಿರುಗಿಸಿದೆ. ನನಗೆ ಏನೂ ವ್ಯತ್ಯಾಸ ತಿಳಿಯಲಿಲ್ಲ. ಅವನು ಬೇಕೆಂದೇ ತಪ್ಪು ಜಾಗದಲ್ಲಿ ನಿಲ್ಲಿಸಿ ಮದುವೆಯ ಜನರ ಮುಂದೆ ನನ್ನ ಮಾನ ಕಳೆದರೂ ನನಗೆ ಗೊತ್ತಾಗುವುದಿಲ್ಲ. ಆ ಯೋಚನೆ ಆಗಲೂ ಬಂತು, ಸುಳ್ಳು ಯಾಕೆ ಹೇಳಲಿ.

"ಸಾಕು," ಎಂದ.

ಗುಂಡಿಯಿಂದ ಕೈ ತೆಗೆದೆ.