ಬೊಳ್ಳ ಮಾಡದ ಒದ್ದೆ

ಗಿರಿಜಾ, ಜಗಲಿಯನ್ನು ಒದ್ದೆ ಮಾಡುತ್ತಿದ್ದದ್ದು ನಿನ್ನ ಬೊಳ್ಳ ಅಲ್ಲ. ಅಲ್ಲ ಎಂಬುದು ನನಗೆ ಮೊದಲ ದಿನದಿಂದಲೇ ಗೊತ್ತಿತ್ತು. ಗೊತ್ತಿದ್ದೂ ಆ ಮೂಕ ಮೊಲದ ಮೇಲೆ ಹೊರಿಸಿದೆ, ಅದರ ಬೀಜ ತೆಗೆಸಲು ಒಪ್ಪಿದೆ, ನಿಜ ಹೇಳಿದ ನಿನ್ನ ಕೆನ್ನೆಗೆ ಪರರ ಎದುರು ಹೊಡೆದೆ. ಇದನ್ನು ಹೇಳಬೇಕೆಂದು ಹೊರಟಾಗಲೆಲ್ಲ ಏನೋ ಒಂದು ಕೆಲಸ ನೆನಪಾಗುತ್ತಿತ್ತು — ಒಲೆಯ ಮೇಲಿನ ಹಾಲು, ಅಂಗಳದಲ್ಲಿ ಒಣಗಲು ಹಾಕಿದ ಬಟ್ಟೆ. ಈಗ ಹಾಲು ಕಾಯಿಸುವವಳೂ ನೀನೇ, ಬಟ್ಟೆ ತೆಗೆಯುವವಳೂ ನೀನೇ. ನನಗೆ ಉಳಿದ ನೆಪ ಯಾವುದೂ ಇಲ್ಲ.

ನಾವಾಗ ಸುಳ್ಯದಲ್ಲಿದ್ದೆವು, ನಿನ್ನ ಅಪ್ಪನ ಸೈಕಲ್ ಅಂಗಡಿಯ ಹಿಂದಿನ ಮನೆಯಲ್ಲಿ. ಐವತ್ತರ ದಶಕ ಮುಗಿಯುತ್ತ ಬಂದಿತ್ತು. ನೀನು ಮೂರನೆಯ ಕ್ಲಾಸು. ಕೇರಳದಿಂದ ಬಂದು ನೆಲ್ಯಾಡಿಯಲ್ಲಿ ರಬ್ಬರ್ ಹಾಕಿದ್ದ ವರ್ಕಿಯಣ್ಣನಿಗೆ ಸುಳ್ಯದಲ್ಲಿ ತಂಗಿಯ ಮನೆ. ಅಲ್ಲಿಗೆ ಬಂದಾಗಲೆಲ್ಲ ಅಂಗಡಿಗೂ ಬಂದು ಒಂದಿಷ್ಟು ಹೊತ್ತು ಕೂತು ಹೋಗುವುದು ಅವನ ವಾಡಿಕೆ. ಹಾಗೆ ಬಂದವನು ಒಂದು ದಿನ ಬುಟ್ಟಿಯಿಂದ ಹತ್ತಿಯ ಉಂಡೆಯಂಥ ಮರಿಯೊಂದನ್ನು ತೆಗೆದು ನಿನ್ನ ಮಡಿಲಿಗೆ ಹಾಕಿದ. ಬೆಳ್ಳಗಿತ್ತು, ನೀನು ಬೊಳ್ಳ ಎಂದು ಕರೆದೆ.

ಅದನ್ನು ನೀನು ಸಾಕಿದ ಚಂದ! ಚಹಾಪುಡಿ ಬರುವ ಹಲಗೆಪೆಟ್ಟಿಗೆಯನ್ನು ಅಪ್ಪನ ಕೈಯಲ್ಲಿ ಗಿಡ್ಡಕ್ಕೆ ಕೊಯ್ಯಿಸಿ, ಒಳಗೆ ಭತ್ತದ ಉಮಿ ಹರಡಿ, ಜಗಲಿಯ ಮೂಲೆಯಲ್ಲಿಟ್ಟೆ. ಪೆಟ್ಟಿಗೆಗೆ ತಾಗಿಸಿ ಗರಿಕೆಯ ಕಟ್ಟು. ಅದು ಗರಿಕೆ ತಿನ್ನುತ್ತ ತಿನ್ನುತ್ತ ಉಮಿಯ ಮೇಲೆಯೇ ಕೆಲಸ ಮುಗಿಸುವುದು. ಹೊರಗೆ ನಾಲ್ಕು ಹಿಕ್ಕೆ ಬಿದ್ದರೆ ಹೆಕ್ಕಿ ಪೆಟ್ಟಿಗೆಗೇ ಹಾಕುತ್ತಿದ್ದೆ, ‘ಅದಕ್ಕೆ ವಾಸನೆಯಿಂದ ಗೊತ್ತಾಗುದು ಅಮ್ಮಾ’ ಎಂದು ನನಗೇ ಪಾಠ ಹೇಳುತ್ತಿದ್ದೆ. ತಿಂಗಳೊಳಗೆ ಬೊಳ್ಳ ಕಲಿತಿತ್ತು. ನೆಂಟರ ಮಕ್ಕಳಿಗಿಂತ ಅದೇ ವಾಸಿ ಎಂದು ನಾನೇ ನಗಾಡಿದ್ದುಂಟು.

ಇನ್ನು ನಿನ್ನ ಅಜ್ಜ. ನನ್ನ ಮಾವ.

ಕಡಬದ ಕಡೆಯ ತುಳು ಮನೆಯಿಂದ ಬಂದವಳು ನಾನು. ನನ್ನ ಕನ್ನಡಕ್ಕೆ ಈ ಮನೆಯಲ್ಲಿ ನಗದವರಿರಲಿಲ್ಲ. ಮಾವ ಒಬ್ಬರೇ ನಗಲಿಲ್ಲ. ಪೆನ್ಶನ್ ಆದ ಶಾಲಾ ಮಾಸ್ತರರು. ಸಂಜೆ ಲಾಟೀನಿನ ಮುಂದೆ ಕೂತು ಹಳೆಯ ಕಾವ್ಯ ಓದುವರು, ನನ್ನನ್ನು ಬಾಗಿಲ ಬಳಿ ಕೂರಿಸಿ ಒಂದೊಂದು ಪದಕ್ಕೂ ಅರ್ಥ ಹೇಳುವರು. ಇವತ್ತು ನಾನು ಹೀಗೆ ಬರೆಯುತ್ತಿದ್ದೇನೆಂದರೆ ಅದು ಅವರು ಕೊಟ್ಟ ಅಕ್ಷರ. ಬೆಳಗಾದರೆ ಅವರ ಹತ್ತಿರ ಜನ. ಪಾಲಿನ ಜಗಳ, ಬೇಲಿಯ ಜಗಳ, ನೀರಿನ ಜಗಳ — ಕೋರ್ಟಿಗೆ ಹೋಗುವ ಮೊದಲು ಮಾಸ್ತರರ ಜಗಲಿಗೆ ಬಂದು ಹೋಗುವುದು. ಗಂಜಿ ಹಾಕಿದ ಬಿಳಿ ಪಂಚೆ ಉಟ್ಟು, ಮೈ ಒರೆಸುವ ಬೈರಾಸನ್ನು ಹೆಗಲಿಗೆ ಹಾಕಿ, ಬೆಂಚಿನ ಮೇಲೆ ಬೆನ್ನು ನೆಟ್ಟಗೆ ಕೂರುತ್ತಿದ್ದರು.

ಆ ವರ್ಷ ಬೈರಾಸು ಹೆಗಲಿನಿಂದ ಮಡಿಲಿಗೆ ಇಳಿಯಿತು. ಅದನ್ನು ನಾನು ಕಂಡೆ, ಬೇರೆ ಯಾರೂ ಕಾಣಲಿಲ್ಲ. ಪಂಚೆಯನ್ನು ತಾವೇ ಒಗೆದುಕೊಳ್ಳತೊಡಗಿದರು. ಮನೆಯವರ ಬಟ್ಟೆ ಒಗೆಯುವ ಹೆಂಗಸಿಗೆ ತಿಳಿಯಲು ಅಷ್ಟು ಸಾಕು.

ಒಂದು ಬೆಳಿಗ್ಗೆ ಕೊಲ್ಲಮೊಗ್ರಿನ ಗೌಡರೊಬ್ಬರು ಬಂದಿದ್ದರು. ಮಾತು ಮುಗಿಸಿ ಏಳುವಾಗ ಬೆಂಚಿನ ಕೆಳಗೆ ಕಾಲಿಟ್ಟು ಜಾರಿದರು.

“ಇದೆಂತ ಮಾಸ್ಟ್ರೇ, ನೀರುಂಟಲ್ಲ! ಈ ಬಿಸಿಲಿಗೂ ನಿಮ್ಮ ಮಾಡು ಸೋರುದಾ?”

ಮಾವ ಎದ್ದಿರಲಿಲ್ಲ. ಬೈರಾಸನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದರು. ಊರಿನ ಅರ್ಧ ಮಕ್ಕಳ ಕೈ ಹಿಡಿದು ಅ ಆ ತಿದ್ದಿಸಿದ ಕೈಗಳು ಅವು. ನಾನು ಒರೆಸುವ ಬಟ್ಟೆ ಹಿಡಿದು ಬಂದೆ. ಯೋಚಿಸಲಿಲ್ಲ.

“ಮಾಡು ಸೋರಿದ್ದಲ್ಲ ಗೌಡ್ರೇ, ಮೊಲ. ನನ್ನ ಮಗಳು ಸಾಕಿದ್ದು. ಕಂಡಲ್ಲಿ ಹೊಯ್ತದೆ.”

“ಸರಿಯಾಯ್ತು! ಮಾಸ್ಟ್ರು ಊರಿಗೆಲ್ಲ ಬುದ್ಧಿ ಹೇಳುದು, ಮನೆಯ ಮೊಲಕ್ಕೆ ಹೇಳುವವರಿಲ್ಲ!”

ಗೌಡರು ನಕ್ಕರು. ಮಾವನೂ ನಕ್ಕರು, ಸ್ವಲ್ಪ ತಡವಾಗಿ. ಆ ಸಂಜೆ ಓದಿಗೆ ಕೂತಾಗ ಪುಸ್ತಕದಿಂದ ತಲೆಯೆತ್ತದೆ, “ದೀಪ ಸ್ವಲ್ಪ ಏರಿಸಮ್ಮಾ” ಎಂದರು. ಅಲ್ಲಿಯವರೆಗೆ ನನ್ನನ್ನು ಹೆಸರು ಹಿಡಿದು ಕರೆಯುತ್ತಿದ್ದರು. ಅಂದಿನಿಂದ ಅಮ್ಮ.

ಮಾವನ ಮಾನ ಉಳಿಸಿದೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ, ಗಿರಿಜಾ. ಮೊದಲ ದಿನದ ಮಟ್ಟಿಗೆ ನಿಜವಿರಬಹುದು. ಆಮೇಲೆ — ಆ ‘ಅಮ್ಮ’ ಎಂಬ ಕರೆಯ ರುಚಿ ಹತ್ತಿತು. ಎಲ್ಲರೂ ನಕ್ಕ ಸೊಸೆಯನ್ನು ಮನೆಯ ಹಿರಿಯರು ಅಮ್ಮ ಅನ್ನುತ್ತಾರೆ! ಆ ಮಾತು ನನ್ನ ಬಳಿ ಉಳಿಯಬೇಕಾದರೆ ಮೊಲ ತಪ್ಪು ಮಾಡುತ್ತಲೇ ಇರಬೇಕಿತ್ತು.

ಮಾಡುತ್ತಲೇ ಇತ್ತು. ವಾರಕ್ಕೊಮ್ಮೆ, ಆಮೇಲೆ ವಾರಕ್ಕೆ ಎರಡು ಮೂರು ಸಲ. ನೀನು ಪೆಟ್ಟಿಗೆಯ ಜಾಗ ಬದಲಿಸಿದೆ, ಉಮಿ ಬದಲಿಸಿದೆ, ಬೊಳ್ಳನನ್ನು ಎತ್ತಿ ಅದರಲ್ಲಿ ಕೂರಿಸಿ ಎದುರು ಕಾವಲು ಕೂತೆ. ಅಪ್ಪನ ಬೈಗುಳ ನಿನಗೇ. ನಾನು ಒಳಗೆ ಕಾಯಿ ತುರಿಯುತ್ತಿದ್ದೆ.

ವರ್ಕಿಯಣ್ಣನನ್ನು ಕೇಳಿದರೆ ಅವನಿಗೆ ಸಂಶಯವೇ ಬರಲಿಲ್ಲ. “ಗಂಡಲ್ವಾ ಅದು! ಪ್ರಾಯಕ್ಕೆ ಬಂದ ಗಂಡು ಮೊಲ ಹಾಗೇ, ಊರೆಲ್ಲ ಹನಿಸ್ತದೆ. ಬೀಜ ತೆಗೆಸಿ, ಮತ್ತೆ ಸಾಧು.”

ಪುತ್ತೂರಿನಲ್ಲಿ ಒಬ್ಬರು ದನದ ಡಾಕ್ಟರಿದ್ದರು. ಬುಟ್ಟಿಯಲ್ಲಿ ಬೊಳ್ಳನನ್ನು ಹಾಕಿಕೊಂಡು ನಾವು ಮೂವರೂ ಬಸ್ಸು ಹತ್ತಿದೆವು. “ಇದಕ್ಕೆ ಟಿಕೇಟು ಬೇಡ್ವಾ?” ಎಂದ ಕಂಡಕ್ಟರ್. “ಅದು ಸೀಟಲ್ಲಿ ಕೂತಿಲ್ಲ, ನನ್ನ ಮಡಿಲಲ್ಲಿ ಕೂತದ್ದು” ಎಂದೆ ನೀನು, ಖಡಕ್ಕಾಗಿ. ಡಾಕ್ಟರರು ಬುಟ್ಟಿಯೊಳಗೆ ನೋಡಿ, “ಹೋರಿಗೆ ಮಾಡಿ ಮಾಡಿ ಕೈ ಪಳಗಿದೆ. ಮೊಲಕ್ಕೆ ಇದೇ ಮೊದಲು ಮಾರಾಯ್ರೆ. ಒಂದು ವೇಳೆ ಹೆಚ್ಚು ಕಡಿಮೆ ಆದ್ರೆ ನನ್ನನ್ನು ದೂರ್ಬೇಡಿ” ಎಂದರು. ಆಗ ನಿನ್ನ ಅಪ್ಪ ನನ್ನ ಮುಖ ನೋಡಿ, “ಎಂತ ಮಾಡುದು?” ಎಂದು ಕೇಳಿದರು. ಕೇಳಿದ್ದು ನನ್ನನ್ನೇ. ಬೇಡ ಎನ್ನಲು ಒಂದೇ ಪದ ಸಾಕಿತ್ತು.

“ಮಾಡ್ಸಿಬಿಡುವ” ಎಂದೆ.

ಬರುವಾಗಲೂ ಅದೇ ಬಸ್ಸು, ಅದೇ ಕಂಡಕ್ಟರ್. ವಿಷಯ ತಿಳಿದದ್ದೇ, “ಹೋಗುವಾಗ ಫುಲ್ಲು, ಬರುವಾಗ ಹಾಫ್ ಟಿಕೇಟು!” ಎಂದು ಕೂಗಿದ. ಬಸ್ಸಿಗೆ ಬಸ್ಸೇ ನಕ್ಕಿತು. ಅಪ್ಪ ನಕ್ಕರು. ನಾನೂ ಸೆರಗು ಬಾಯಿಗೆ ಹಿಡಿದು ನಕ್ಕೆ. ನೀನು ಬುಟ್ಟಿಯ ಮೇಲೆ ಕೈ ಹರಡಿಕೊಂಡು, ನಗು ಅದಕ್ಕೆ ಕೇಳಿಸದ ಹಾಗೆ ಕೂತಿದ್ದೆ.

ಆಮೇಲೆ ಕೆಲವು ದಿನ ಬೊಳ್ಳ ಏನೂ ತಿನ್ನಲಿಲ್ಲ. ಹರಿವೆಯ ಎಳೆ ಎಲೆಯನ್ನು ಅದರ ತುಟಿಗೆ ತಾಗಿಸುತ್ತ ನೀನು ಮಲಗುವ ಹೊತ್ತಿನವರೆಗೂ ಕೂರುತ್ತಿದ್ದೆ. ಮಾವ ತಮ್ಮ ಬೆಂಚಿನಿಂದ ಅದನ್ನು ನೋಡುತ್ತಿದ್ದರು. ಒಮ್ಮೆ ನನ್ನ ಕಡೆ ತಿರುಗಿ, “ಪಾಪ, ಅದಕ್ಕೆಂತಕ್ಕೆ...” ಎಂದವರು ಅಲ್ಲಿಗೇ ನಿಲ್ಲಿಸಿದರು. ನಾನು ಅಂಗಳದ ಬಟ್ಟೆ ತೆಗೆಯಲು ಎದ್ದೆ.

ಬೊಳ್ಳ ಎದ್ದು ಓಡಾಡಿತು. ಮೊದಲಿಗಿಂತ ಸಾಧುವಾಗಿ, ತಪ್ಪದೆ ಪೆಟ್ಟಿಗೆಗೇ ಹೋಯಿತು. ಬೆಂಚಿನ ಕೆಳಗೆ ಮಾತ್ರ ಮತ್ತೆ ಒದ್ದೆ.

ಆ ದಿನ ನಿನಗೆ ನೆನಪಿದೆಯೋ — ಇರಲೇಬೇಕು. ಬಾವಿಯ ನೀರಿಗೆ ಜಗಳಾಡಿದ ಎರಡು ಮನೆಯವರು ಜಗಲಿಯ ತುಂಬ ಕೂತಿದ್ದರು. ಅವರಲ್ಲೊಬ್ಬ ನೆಲ ನೋಡಿ, “ಬೀಜ ತೆಗೆಸಿದ್ರೂ ಬುದ್ಧಿ ಬರ್ಲಿಲ್ಲ ಇದಕ್ಕೆ” ಎಂದ. ನೀನು ಮೊಣಕಾಲೂರಿ ಕೂತು ಆ ಕೆಂಪು ಸಿಮೆಂಟಿನ ನೆಲವನ್ನು ಹತ್ತಿರದಿಂದ ನೋಡಿದೆ.

“ಅಮ್ಮಾ, ಇದು ಬೊಳ್ಳಂದಲ್ಲ. ಬೊಳ್ಳಂದು ಒಣಗಿದ್ರೆ ಸುಣ್ಣ ಎಳೆದ ಹಾಗೆ ಬೆಳ್ಳಗೆ ಕೂರ್ತದೆ. ಇಲ್ಲಿ ಒಮ್ಮೆಯೂ ಹಾಗೆ ಆಗ್ಲಿಲ್ಲ, ನಾನು ನೋಡ್ತಾ ಇದ್ದೇನೆ. ಮತ್ತೆ ಅದು ಬೆಳಿಗ್ಗೆಯಿಂದ ನನ್ನೊಟ್ಟಿಗೇ ಇತ್ತು. ಇದು ಬೇರೆ ಯಾರದೋ...”

ಮಾವ ಬಾಯಿ ತೆರೆದರು. ಹೇಳಲಿದ್ದರು — ಈಗಲೂ ನಂಬುತ್ತೇನೆ, ಅವರು ಹೇಳಲಿದ್ದರು. ಅವರ ಮಾತಿಗಿಂತ ಮೊದಲು ನನ್ನ ಕೈ ಹೋಯಿತು.

“ನಾಲಿಗೆ ಉದ್ದ ಆಯ್ತಾ ನಿಂದು? ಒಂದು ಮೊಲವನ್ನು ಸರಿ ಸಾಕ್ಲಿಕ್ಕೆ ಆಗದವಳು!”

ನೀನು ಅಳಲಿಲ್ಲ. ಕೆನ್ನೆ ಮುಟ್ಟಿಕೊಳ್ಳಲೂ ಇಲ್ಲ. ನನ್ನನ್ನು ನೋಡಿದೆ ಅಷ್ಟೆ. ಪರೀಕ್ಷೆಯಲ್ಲಿ ಸರಿಯಾದ ಉತ್ತರಕ್ಕೆ ತಪ್ಪು ಗೀಚು ಬಿದ್ದ ಮಗು ನೋಡುವ ಹಾಗೆ.

ಅದೇ ವಾರ ವರ್ಕಿಯಣ್ಣ ಬೊಳ್ಳನನ್ನು ನೆಲ್ಯಾಡಿಗೆ ಒಯ್ದ. ನೀನು ಉಮಿ ಪೆಟ್ಟಿಗೆಯನ್ನೂ ಅವನ ಕೈಗೆ ಕೊಟ್ಟು, “ತೊಳೀಬೇಡಿ, ವಾಸನೆ ಹೋದ್ರೆ ಅದಕ್ಕೆ ಗೊತ್ತಾಗುದಿಲ್ಲ” ಎಂದೆ.

ಇಷ್ಟೆಲ್ಲ ಮಾಡಿ ಉಳಿಸಿದ್ದೇನು ಎಂದು ಕೇಳಿದರೆ — ಏನೂ ಇಲ್ಲ. ಮೊಲ ಹೋದ ಮೇಲೆ ಒದ್ದೆಗೆ ಹೊಣೆ ಹೊರುವವರು ಯಾರು? ಮಾವ ಅದನ್ನು ನನಗಿಂತ ಮೊದಲೇ ತಿಳಿದುಕೊಂಡರು. ಸೆಕೆ ಎಂದು ನೆಪ ಹೇಳಿ ಹಾಸಿಗೆಯನ್ನು ಬಚ್ಚಲಿನ ಪಕ್ಕದ ಕೋಣೆಗೆ ಹಾಕಿಸಿಕೊಂಡರು. ಜಗಲಿಯ ಬೆಂಚು ಖಾಲಿಯಾಯಿತು. ಬಂದವರಿಗೆ ಮೈಗೆ ಹುಷಾರಿಲ್ಲ ಎಂದು ಹೇಳುವ ಕೆಲಸ ನನ್ನದಾಯಿತು. ಆ ಸುಳ್ಳೂ ನನಗೆ ಸಲೀಸಾಗಿ ಬಂತು.

ಮಳೆ ಹಿಡಿಯುವ ಹೊತ್ತಿಗೆ ವರ್ಕಿಯಣ್ಣ ಬಂದ. ನೀನು ಶಾಲೆಯ ಚೀಲ ಹೆಗಲಲ್ಲಿಟ್ಟುಕೊಂಡೇ ಓಡಿ ಬಂದೆ. “ನಿನ್ನ ಬೊಳ್ಳ ನಮ್ಮಲ್ಲಿ ಒಂದು ದಿನ ಕೂಡ ನೆಲ ಹಾಳು ಮಾಡ್ಲಿಲ್ಲ ಮೋಳೇ. ಪೆಟ್ಟಿಗೆ ಬಿಟ್ಟು ಆಚೆ ಹೋಗುದೇ ಇಲ್ಲ” ಎಂದ, ತನ್ನ ಮಲಯಾಳದಲ್ಲಿ ಮಗಳೇ ಎಂದು ಕರೆದು, ನಿನಗೆ ಸಂತೋಷವಾಗಲೆಂದು. ನೀನು ನನ್ನ ಕಡೆ ತಿರುಗಿದೆ. ನಾನು ಅವನಿಗೆ ಕಾಫಿ ತರಲು ಒಳಗೆ ಹೋದೆ.

ಇನ್ನೊಂದು ಮಾತು ಉಂಟು. ಇದನ್ನು ಹೇಳದಿದ್ದರೆ ಮೇಲೆ ಹೇಳಿದ್ದಷ್ಟೂ ಅರ್ಧ ಸುಳ್ಳೇ.

ಮಾವ ಹೋಗುವ ಮುಂಚೆ, ನಾನು ಅವರ ಬಟ್ಟೆ ಬದಲಿಸುತ್ತಿದ್ದಾಗ, ಕಣ್ಣು ಮುಚ್ಚಿಕೊಂಡೇ ಹೇಳಿದರು: “ಮಗುವಿಗೆ ಹೇಳಿಬಿಡಮ್ಮಾ. ನಾನು ಹೋದ ಮೇಲಾದರೂ. ಅದು ಮೊಲವನ್ನು ಸರಿಯಾಗಿಯೇ ಸಾಕಿತ್ತು.”

“ಆಯ್ತು ಮಾವ” ಎಂದೆ.

ಅಂದರೆ ಮಾನದ ಮಾತು ಅಲ್ಲಿಗೇ ಮುಗಿದಿತ್ತು. ಯಾರ ಮಾನವೋ ಅವರೇ ಅದನ್ನು ಬಿಟ್ಟುಕೊಟ್ಟಿದ್ದರು. ಆಮೇಲೆ ನಾನು ಮುಚ್ಚಿಟ್ಟದ್ದು ಅವರ ಒದ್ದೆಯನ್ನಲ್ಲ, ನನ್ನ ಕೈಯನ್ನು. ನೀನು ದೊಡ್ಡವಳಾದೆ, ಮದುವೆಯಾಗಿ ಪುತ್ತೂರಿಗೆ ಬಂದೆ, ಮಕ್ಕಳು ಮೊಮ್ಮಕ್ಕಳಾದರು, ಕೊನೆಗೆ ನಾನೂ ನಿನ್ನಲ್ಲಿಗೇ ಬಂದೆ. ಮನೆಗೆ ಬೆಕ್ಕು ಬಂದರೂ ನಾಯಿ ಬಂದರೂ ನೀನು ಅದಕ್ಕೆ ಹೆಸರಿಡಲಿಲ್ಲ, ಮಕ್ಕಳ ಹತ್ತಿರ ಇಡಿಸಿದೆ. ಅದನ್ನೂ ನಾನು ಕಂಡಿದ್ದೇನೆ.

ಈಗ ಮೊನ್ನೆಯದು. ನಾನು ಕೂರುವ ಕುರ್ಚಿಯ ಕೆಳಗೆ ನೀರು. ನಿನ್ನ ಸೊಸೆ ಕಂಡಳು, “ಇದೆಂತ ಇಲ್ಲಿ?” ಎಂದಳು. ನೀನು ಅಡುಗೆಮನೆಯಿಂದ ಬಟ್ಟೆ ತಂದೆ. ಎಷ್ಟು ಬೇಗ ತಂದೆ! “ಬೆಕ್ಕಿನ ಕೆಲಸ. ಇದನ್ನಿನ್ನು ಒಳಗೆ ಬಿಡ್ಲಿಕ್ಕಿಲ್ಲ” ಎಂದೆ. ನನ್ನ ಮುಖ ನೋಡಲಿಲ್ಲ. ನಾನು ಸೆರಗನ್ನು ಮಡಿಲಲ್ಲಿ ಒತ್ತಿ ಹಿಡಿದು ಕೂತಿದ್ದೆ.

ನಿನಗೆ ಎಷ್ಟು ಗೊತ್ತಿದೆಯೋ ನನಗೆ ಗೊತ್ತಿಲ್ಲ. ಯಾವಾಗಿನಿಂದ ಗೊತ್ತಿದೆ ಎಂದು ಕೇಳಲು ಧೈರ್ಯವೂ ಇಲ್ಲ. ಅಂದಿನಿಂದ ಬೆಕ್ಕು ಹೊರಗೆ ಮಳೆಯಲ್ಲಿ ಕೂಗುತ್ತಿದೆ, ನಿನ್ನ ಮೊಮ್ಮಗ ಕಿಟಕಿಯ ಸರಳು ಹಿಡಿದು ನಿಂತಿದ್ದಾನೆ. “ಅದು ಮಾಡಿದ್ದಲ್ಲ ಅಜ್ಜೀ” ಎಂದು ನಿನಗೆ ಹೇಳಿದ್ದು ನನಗೆ ಕೇಳಿಸಿತು. ನೀನು ಅವನಿಗೆ ಹೊಡೆಯಲಿಲ್ಲ. ತಲೆ ಸವರಿ, ಸುಮ್ಮನಿರು ಎಂದೆ. ನನಗಿಂತ ನೀನು ಒಳ್ಳೆಯವಳು. ಆದರೂ ಅವನ ಮುಖ ನೋಡಿದೆ ನಾನು. ಆ ಮುಖ ನನಗೆ ಗುರುತಿನದು.

ಇದನ್ನು ಓದಿ ನೀನು ಕ್ಷಮಿಸಬೇಕೆಂದು ಕೇಳುವುದಿಲ್ಲ. ನಾಳೆ ಎಲ್ಲರೂ ಕಾಫಿಗೆ ಕೂತಾಗ ನಾನೇ ಹೇಳುತ್ತೇನೆ: ನೆಲ ಒದ್ದೆ ಮಾಡಿದ್ದು ನಾನು. ನೀನು ಬಟ್ಟೆ ಹಿಡಿದುಕೊಂಡು ಅಡ್ಡ ಬರಬೇಡ, ಮಗಳೇ. ಹುಡುಗನನ್ನು ನನ್ನ ಹತ್ತಿರ ಕಳಿಸು, ಬಾಗಿಲು ತೆಗೆದು ಬೆಕ್ಕನ್ನು ಒಳಗೆ ಬಿಡು.