ಗಂಟಲ ಸಂತರ ಉಪದೇಶಿ

ಕಳೆದ ವಾರ ಬೀರು ಒರೆಸುವಾಗ ಕೆಂಪು ರಿಬ್ಬನ್ನಿನಲ್ಲಿ ಕಟ್ಟಿದ ಎರಡು ಮೇಣದ ಬತ್ತಿಗಳು ಸಿಕ್ಕವು. ಮೂಗಿಗೆ ಹಿಡಿದೆ. ಹಳೆಯ ಮೇಣದ ವಾಸನೆ... ಪಾದ್ರಿಗಳಿಗೆ ನೆರವಾಗಿ ಧರ್ಮಪಾಠ ಹೇಳಿಕೊಡುತ್ತಿದ್ದ ನಮ್ಮ ಚರ್ಚಿನ ಉಪದೇಶಿ ಎದುರಿಗೆ ಬಂದು ನಿಂತಂತಾಯಿತು.

ತೊಂಬತ್ತರ ದಶಕದಲ್ಲಿ ನಾನು ಸರಸ್ವತಿಪುರಂನ ಶಾಲೆಯೊಂದರಲ್ಲಿ ಟೀಚರ್ ಆಗಿದ್ದೆ. ಪ್ರತಿ ಫೆಬ್ರವರಿ ಮೂರರಂದು ಚರ್ಚಿನಲ್ಲಿ ಗಂಟಲ ಸಂತರ ಹಬ್ಬ. ಬಹಳ ಹಿಂದೆ ದೂರದ ದೇಶವೊಂದರಲ್ಲಿ ಬಿಷಪ್ ಆಗಿದ್ದವರು ಈ ಸಂತರು. ಅಂದು ಪಾದ್ರಿಗಳು ಎರಡು ಬತ್ತಿಗಳನ್ನು ಕೆಂಪು ರಿಬ್ಬನ್ನಿನಲ್ಲಿ ಕತ್ತರಿಯಂತೆ ಕಟ್ಟಿ ಒಬ್ಬೊಬ್ಬರ ಕತ್ತಿಗೂ ತಾಗಿಸಿ ಪ್ರಾರ್ಥಿಸುತ್ತಾರೆ. ಕ್ರೈಸ್ತರಲ್ಲದವರೂ ಬರುತ್ತಿದ್ದರು: ಸಂಗೀತ ಕಲಿಯುವವರು, ಸೊಪ್ಪು ಕೂಗಿ ಮಾರುವವರು, ಕೆಮ್ಮುವ ಮಕ್ಕಳನ್ನೆತ್ತಿಕೊಂಡ ತಾಯಂದಿರು. ಸಾಲು ನಿಲ್ಲಿಸುವುದು ನನ್ನ ಕೆಲಸ. ಸಂತರ ಕಥೆ ಹೇಳುವುದು ಉಪದೇಶಿಯವರದು. ಸೈನಿಕರು ಬಿಷಪ್ಪರನ್ನು ಸೆರೆಗೆ ಒಯ್ಯುವ ದಾರಿಯಲ್ಲಿ, ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿ ಸಾಯುತ್ತಿದ್ದ ಮಗುವನ್ನು ಆ ಸಂತರು ಬದುಕಿಸಿದ್ದನ್ನು ಹೇಳುವಾಗ, ತುಂಟ ಮಕ್ಕಳೂ ಸುಮ್ಮನೆ ತಮ್ಮ ಗಂಟಲು ಮುಟ್ಟಿಕೊಳ್ಳುತ್ತಿದ್ದವು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಉಪದೇಶಿಯವರಿಗೇ ಗಂಟಲ ಕ್ಯಾನ್ಸರ್ ಬಂತು. ಆಪರೇಷನ್ ಆಯಿತು. ದನಿ ಹೋಯಿತು, ಉಸಿರಾಡಲು ಕತ್ತಿನಲ್ಲೊಂದು ತೂತು ಉಳಿಯಿತು. ಹಬ್ಬ ಹತ್ತಿರವಾದಾಗ ಚರ್ಚಿನ ಸಮಿತಿಯ ಹಿರಿಯರೊಬ್ಬರು ನನ್ನನ್ನು ಕರೆದರು.

"ಅವ್ರು ಹಂಗೇ ಬಂದ್ ನಿಂತ್ರೆ ಜನ ಏನಂತಾರೆ ಟೀಚರಮ್ಮ? ತನ್ನ ಉಪದೇಶೀನೇ ಉಳಿಸ್ದೇ ಇರೋ ಸಂತ ನಮ್ಮನ್ನೇನ್ ಉಳಿಸ್ತಾನೆ ಅಂತಾರೆ. ಈ ಸಲ ಮನೇಲಿರಿ ಅಂತ ನೀವೇ ಹೇಳ್ಬುಡಿ."

ನನಗೂ ಸರಿ ಎನಿಸಿತು. ಬಸ್ಸು ಹತ್ತಿ ಹಿನಕಲ್‌ನಲ್ಲಿದ್ದ ಉಪದೇಶಿಯವರ ಮನೆಗೆ ಹೋದೆ. "ಮಾತು ಹೋದ್ರೂ ಜಗಳ ಹೋಗಿಲ್ಲ ಕಣ್ರೀ, ಸ್ಲೇಟ್ ಮೇಲೇ ಬೈತಾರೆ," ಎಂದು ನಗುತ್ತಲೇ ಅವರ ಹೆಂಡತಿ ಕಾಫಿ ಕೊಟ್ಟರು. ನಾನು ಹೇಳಬೇಕಾದ್ದನ್ನು ಹೇಳಿ ಮುಗಿಸಿದೆ. ಅವರು ಸ್ಲೇಟು ಎಳೆದುಕೊಂಡು ಬರೆದರು: "ಸಂತರ ತಲೆಯನ್ನೇ ಕಡಿದರು. ನನ್ನದು ಗಂಟಲು ಮಾತ್ರ." ಅದನ್ನು ಅಳಿಸಿ ಮತ್ತೆ ಬರೆದರು: "ಬರುತ್ತೇನೆ. ಕಥೆ ನೀವು ಹೇಳಿ."

ಹಬ್ಬದ ದಿನ ಅವರು ಕತ್ತಿಗೆ ಮಫ್ಲರ್ ಸುತ್ತಿಕೊಂಡು ಮುಂದಿನ ಬೆಂಚಿನಲ್ಲಿ ಕುಳಿತಿದ್ದರು. ನಾನು ಪಾಠದಂತೆ ಕಥೆ ಹೇಳಿದೆ. ಮಗು ಉಳಿಯಿತು ಎಂಬಲ್ಲಿಗೆ ನಿಲ್ಲಿಸಿದೆ; ಅವರನ್ನು ಎದುರಿಗಿಟ್ಟುಕೊಂಡು ಮುಂದಿನದನ್ನು ಹೇಳಲು ಧೈರ್ಯ ಬರಲಿಲ್ಲ. ಅವರು ಬೆಂಚು ಬಡಿದರು. ನಾನು ಸಾಲು ನಿಲ್ಲಿಸಲು ತಿರುಗಿದೆ. ಮತ್ತೆ ಬಡಿದರು... ಹೇಳಿದೆ. ಮಗುವನ್ನು ಉಳಿಸಿದ ಬಿಷಪ್ ತಮ್ಮನ್ನು ಉಳಿಸಿಕೊಳ್ಳಲಿಲ್ಲ, ನಂಬಿಕೆ ಬಿಡಲು ಒಪ್ಪದೆ ಕೊರಳು ಕೊಟ್ಟರು ಎಂದೆ.

ಅವರು ಎದ್ದರು. ಎಲ್ಲರೆದುರು ಮಫ್ಲರ್ ಬಿಚ್ಚಿ ಸಾಲಿನ ಮೊದಲಿಗೆ ಹೋಗಿ ನಿಂತರು. ಪಾದ್ರಿಗಳ ಕೈ ಒಂದು ಕ್ಷಣ ಹಿಂಜರಿಯಿತು. ಉಪದೇಶಿ ತಾವೇ ಗಲ್ಲ ಎತ್ತಿ ಕತ್ತು ಒಡ್ಡಿದರು. ಹಿಂದಿದ್ದವರಲ್ಲಿ ಒಬ್ಬರೂ ಸಾಲು ಬಿಟ್ಟು ಹೋಗಲಿಲ್ಲ. ಇವರು ನಮ್ಮ ಉಪದೇಶಿ ಎಂದು ಅಂದು ಎದೆ ತುಂಬಿ ಬಂತು; ನೆನೆದರೆ ಈಗಲೂ ತುಂಬಿ ಬರುತ್ತದೆ.

ಅವರು ತೀರಿಹೋಗಿ ಎಷ್ಟೋ ವರ್ಷಗಳಾದವು. ಹಬ್ಬದ ಕಥೆ ಈಗ ನನ್ನ ಪಾಲಿನದು, ಕೊನೆಯವರೆಗೂ ಹೇಳುತ್ತೇನೆ. ಹೇಳುವ ಮೊದಲು, ಅವರು ಹೇಗೆ ಶುರು ಮಾಡುತ್ತಿದ್ದರೆಂದು ನೆನಪಿಸಿಕೊಳ್ಳಲು ನೋಡುತ್ತೇನೆ. ಮಾತುಗಳೆಲ್ಲ ನೆನಪಿವೆ. ಅವರ ದನಿ ಮಾತ್ರ ನೆನಪಿಗೆ ಬರುವುದಿಲ್ಲ...